ಬೇಸಿಗೆ ರಜೆ ಮಕ್ಕಳಿಗೆ, ಬೆಟ್ಟಕ್ಕೆ ಯಾವಾಗ?

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪತ್ರಿಕೆಗಳ ಪುರವಣಿಗಳಲ್ಲಿ ಒಂದು ಪಟ್ಟಿ ತಪ್ಪದೆ ಪ್ರಕಟವಾಗುತ್ತದೆ: ಕುಟುಂಬ ಸಮೇತ ರಜೆ ಕಳೆಯಲು ಸೂಕ್ತವಾದ ಬೆಟ್ಟಗಳು. ಅನುಕೂಲವಂತರಿಗೆ ಕುಲು, ಮನಾಲಿ, ಶಿಮ್ಲಾ, ಕೇದಾರ. ಮಧ್ಯಮ ವರ್ಗಕ್ಕೆ ಊಟಿ, ಮುಳ್ಳಯ್ಯನಗಿರಿ. ಒಂದೇ ದಿನದ ಬಿಡುವಿನವರಿಗೆ ನಂದಿಬೆಟ್ಟ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ. ದೂರವೆಷ್ಟು, ಬಾಡಿಗೆಯೆಷ್ಟು, ಊಟ ಎಲ್ಲಿ ಎಂಬುದನ್ನೆಲ್ಲ ವಿವರಿಸುವ ಈ ಪಟ್ಟಿಗಳು ಒಂದು ಪ್ರಶ್ನೆಯನ್ನು ಮಾತ್ರ ಎತ್ತುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಆ ಬೆಟ್ಟ ಅತಿಥಿಗಳನ್ನು ಬರಮಾಡಿಕೊಳ್ಳುವ ಸ್ಥಿತಿಯಲ್ಲಿದೆಯೇ?

ತುಮಕೂರು ಹೆದ್ದಾರಿಯ ಹಿರೇಹಳ್ಳಿಯಿಂದ ಉತ್ತರಕ್ಕೆ ನೋಡಿದರೆ ದೇವರಾಯನದುರ್ಗದ ಬೆಟ್ಟಸಾಲು ಕಾಣುತ್ತದೆ. ಸುಮಾರು 1,200 ಮೀಟರ್ ಎತ್ತರದ ಈ ಸಾಲಿನ ಕಾಡು ಎಲೆಯುದುರುವ ಜಾತಿಯ ಒಣಕಾಡು. ಫೆಬ್ರವರಿಯಲ್ಲಿ ಮರಗಳು ಬರಿದಾಗುತ್ತವೆ. ಆಳೆತ್ತರದ ಬಾದೆ ಹುಲ್ಲು ಒಣಗಿ ಕಿಡಿ ಬಿದ್ದರೆ ಸಾಕೆಂಬಂತೆ ನಿಂತಿರುತ್ತದೆ. ಹೊನ್ನೆ, ದಿಂಡಿಗ ಮೊದಲಾದ ಮರಗಳ ಬೀಜಗಳು ಗಾಳಿಯಲ್ಲಿ ಹಾರಿ ನೆಲಕ್ಕೆ ಬಿದ್ದು ಮುಂಗಾರಿನ ಮೊದಲ ಹನಿಗಾಗಿ ತರಗೆಲೆಯ ಅಡಿಯಲ್ಲಿ ಕಾಯುತ್ತಿರುತ್ತವೆ. ಗೌಜಲದಂಥ ಹಕ್ಕಿಗಳು ಮೊಟ್ಟೆಯಿಡುವುದು ಇದೇ ನೆಲದ ಮೇಲೆ. ಹಳ್ಳಗಳು ಬತ್ತಿ, ಬಂಡೆಗಳ ನಡುವಿನ ಒಂದೆರಡು ದೊಣೆಗಳಲ್ಲಿ ಮಾತ್ರ ನೀರುಳಿದಿರುತ್ತದೆ. ಚಿರತೆಗೂ ಕರಡಿಗೂ ಮುಳ್ಳುಹಂದಿಗೂ ಅದೇ ನೀರು. ವರ್ಷದ ಹನ್ನೆರಡು ತಿಂಗಳಲ್ಲಿ ಬೆಟ್ಟ ಅತ್ಯಂತ ದುರ್ಬಲವಾಗಿರುವುದು ಈ ಎರಡೂವರೆ ತಿಂಗಳು. ಶಾಲೆಗಳಿಗೆ ರಜೆ ದೊರೆಯುವುದೂ ಆಗಲೇ. ಪಂಚಾಂಗದಲ್ಲಿ ಅಶ್ವಿನಿ, ಭರಣಿ, ಕೃತ್ತಿಕೆ ಎಂದು ಮಳೆ ಎಣಿಸಿ ಬೇಸಾಯ ಮಾಡಿದ ನಾಡು ಪ್ರವಾಸಕ್ಕೆ ಮಾತ್ರ ಋತುವಿನ ಲೆಕ್ಕವೇ ಬೇಡವೆಂದು ತೀರ್ಮಾನಿಸಿದಂತಿದೆ.

ಈ ಬೆಟ್ಟ ಬರಿಯ ನೋಟದ ತಾಣವಲ್ಲವೆಂಬುದನ್ನು ತುಮಕೂರು ಜಿಲ್ಲೆಯ ವಿದ್ಯಾರ್ಥಿಗಳಾದರೂ ತಿಳಿದಿರಬೇಕು. ಇಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು, ತೀತಾ ಜಲಾಶಯವನ್ನು ತುಂಬಿ, ಕೊರಟಗೆರೆ, ಮಧುಗಿರಿ ಸೀಮೆಗಳನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇದೇ ಬೆಟ್ಟಸಾಲಿನ ದಕ್ಷಿಣದಲ್ಲಿ ಹುಟ್ಟುವ ಶಿಂಷಾ ಗುಬ್ಬಿಯ ಕಡೆಯಿಂದ ಹರಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಿಂತು ಕಾವೇರಿಯನ್ನು ಕೂಡುತ್ತದೆ. ಒಂದೇ ಬೆಟ್ಟ ಎರಡು ನದೀಕಣಿವೆಗಳಿಗೆ ನೀರು ಹಂಚುತ್ತದೆ. ಹಂಚುವ ಕೆಲಸ ಮಾಡುವುದು ಬಂಡೆಯಲ್ಲ. ಬಂಡೆಯ ಮೇಲಿನ ಗೇಣುದ್ದದ ಮಣ್ಣು, ಆ ಮಣ್ಣಿನ ಮೇಲಿನ ತರಗು, ಹುಲ್ಲಿನ ಬೇರು. ಏಪ್ರಿಲ್‌ನಲ್ಲಿ ಬೆಂಕಿ ಬಿದ್ದು ತರಗು ಸುಟ್ಟರೆ, ಭರಣಿ ಮಳೆಯ ದಪ್ಪ ಹನಿಗಳು ಬೆತ್ತಲೆ ಮಣ್ಣಿಗೆ ನೇರವಾಗಿ ಬಡಿಯುತ್ತವೆ. ಇಂಗಬೇಕಾದ ನೀರು ಇಳಿಜಾರಿನಲ್ಲಿ ಓಡುತ್ತದೆ, ಜೊತೆಗೆ ಮಣ್ಣನ್ನೂ ಒಯ್ಯುತ್ತದೆ. ಕೆರೆಯಲ್ಲಿ ಹೂಳು ತುಂಬಿತೆಂದು ಮರುವರ್ಷ ಅರ್ಜಿ ಬರೆಯುವ ರೈತನಿಗೆ ಆ ಹೂಳು ಯಾವ ಇಳಿಜಾರಿನದೆಂದು ಯಾರೂ ಹೇಳುವುದಿಲ್ಲ.

ಕಾಡಿಗೆ ಬೆಂಕಿ ತಾನಾಗಿಯೇ ಬೀಳುತ್ತದೆ, ಬಿದಿರು ಉಜ್ಜಿ ಕಿಡಿ ಹುಟ್ಟುತ್ತದೆ ಎಂಬ ಕಥೆ ಇನ್ನೂ ಚಾಲ್ತಿಯಲ್ಲಿದೆ. ಈ ಭಾಗದ ಒಣಕಾಡುಗಳಲ್ಲಿ ಬೀಳುವ ಬೆಂಕಿ ಹೆಚ್ಚುಕಡಿಮೆ ಎಲ್ಲವೂ ಮನುಷ್ಯ ಹಚ್ಚಿದ್ದೇ. ಅದರಲ್ಲಿ ಹೊಸ ಹುಲ್ಲು ಚಿಗುರಲೆಂದು ಬೆಟ್ಟದ ತಪ್ಪಲಿನ ಹಳ್ಳಿಗರೇ ಹಚ್ಚುವುದೂ ಉಂಟು. ಈ ಮಾತನ್ನು ಮುಚ್ಚಿಟ್ಟು ಪ್ರವಾಸಿಗರನ್ನಷ್ಟೇ ದೂರಿದರೆ ಪ್ರಾಮಾಣಿಕತೆಯಾಗದು. ಆದರೆ ರಸ್ತೆಯ ತಿರುವಿನಲ್ಲಿ ಮೂರು ಕಲ್ಲಿಟ್ಟು ಬಿರಿಯಾನಿ ಬೇಯಿಸಿ, ಕೆಂಡ ಆರಿಸದೆ ಹೊರಡುವವರು, ಕಾರಿನ ಕಿಟಕಿಯಿಂದ ಸಿಗರೇಟಿನ ತುಂಡೆಸೆಯುವವರು ಬೇಸಿಗೆಯ ಶನಿವಾರ-ಭಾನುವಾರಗಳಲ್ಲಿ ನೂರಾರು ಮಂದಿ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆ ನಿಷೇಧಿಸಿದೆ. ಪುರವಣಿಯ ಪಟ್ಟಿಯಲ್ಲಿ ಈ ಕಾಯ್ದೆಗೆ ಒಂದು ಸಾಲಿನ ಜಾಗವಾದರೂ ಸಿಕ್ಕಿದ್ದುಂಟೇ?

ಕೋತಿಗಳ ವಿಚಾರ ಇನ್ನಷ್ಟು ಖೇದಕರ. ದುರ್ಗದ ಮೇಲೆ ಮಕ್ಕಳ ಕೈಯಿಂದ ಬಾಳೆಹಣ್ಣು, ಮಂಡಕ್ಕಿ, ಚಿಪ್ಸ್ ಕೊಡಿಸಿ ಚಿತ್ರ ತೆಗೆಯುವುದು ಪುಣ್ಯಕಾರ್ಯವೆಂದೇ ಅನೇಕ ತಂದೆತಾಯಿಯರು ಭಾವಿಸಿದ್ದಾರೆ. ಬೇಸಿಗೆಯಿಡೀ ಹೀಗೆ ಬೇಯಿಸಿದ ತಿಂಡಿಯ ರುಚಿ ಹತ್ತಿದ ಹಿಂಡು ಆಲದ ಹಣ್ಣು, ಬಸರಿ ಹಣ್ಣುಗಳನ್ನು ಹುಡುಕುವ ಗೋಜಿಗೆ ಹೋಗುವುದಿಲ್ಲ. ಸುಲಭದ ಆಹಾರ ಹೆಚ್ಚಿದಂತೆ ಅದರ ಸಂಖ್ಯೆಯೂ ಹೆಚ್ಚುತ್ತದೆ. ಜೂನ್‌ನಲ್ಲಿ ಶಾಲೆ ತೆರೆದು ಕಾರುಗಳು ಕಡಿಮೆಯಾದ ಮೇಲೆ ಅದು ಬೆಟ್ಟ ಇಳಿದು ತಪ್ಪಲಿನ ಹಲಸು, ಎಳನೀರು, ಅವರೆ, ತೊಗರಿಗೆ ನುಗ್ಗುತ್ತದೆ. ಪುಣ್ಯ ಒಬ್ಬರಿಗೆ, ಬೆಳೆನಷ್ಟ ಇನ್ನೊಬ್ಬರಿಗೆ.

ಇನ್ನೂ ಉತ್ತರಕ್ಕೆ, ಜಿಲ್ಲೆಯ ಬಯಲುಸೀಮೆಯ ಕಲ್ಲುಬೆಟ್ಟಗಳ ಕಡೆಗೆ ಹೋದರೆ ಅಪಾಯದ ಸ್ವರೂಪ ಬೇರೆ. ಮಧುಗಿರಿ ತಾಲ್ಲೂಕಿನ ತಿಮ್ಮಲಾಪುರ 2016ರಲ್ಲಿ ವನ್ಯಧಾಮವಾಯಿತು. ಅದು ಕರಡಿಗಳ ನಾಡು. ಶಿರಾ ಸೀಮೆಯ ಬುಕ್ಕಾಪಟ್ಟಣ 2019ರಲ್ಲಿ ಚಿಂಕಾರ ವನ್ಯಧಾಮವೆಂದು ಘೋಷಿತವಾಯಿತು. ಚಳಿಗಾಲದಲ್ಲಿ ಬಂಡೆಗಳ ಗುಹೆಯಲ್ಲಿ ಮರಿಹಾಕುವ ತಾಯಿಕರಡಿ ಬೇಸಿಗೆಯಲ್ಲಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಮರಿಯಿರುವ ಕರಡಿಗಿಂತ ಅಪಾಯಕಾರಿಯಾದ ಪ್ರಾಣಿ ಈ ಬೆಟ್ಟಗಳಲ್ಲಿ ಇನ್ನೊಂದಿಲ್ಲ. ಸೂರ್ಯೋದಯ ನೋಡಬೇಕೆಂದು ನಸುಕಿನ ಕತ್ತಲಲ್ಲೇ ಮಕ್ಕಳನ್ನು ಕರೆದುಕೊಂಡು ಬಂಡೆ ಹತ್ತಿರೆಂದು ಸಲಹೆ ಕೊಡುವವರು, ಆ ಹೊತ್ತಿಗೆ ಕರಡಿ ಮೇವು ಮುಗಿಸಿ ಗುಹೆಗೆ ಮರಳುತ್ತಿರುತ್ತದೆ ಎಂಬುದನ್ನು ತಿಳಿಯದವರು. ಕುರುಚಲು ಕಾಡಿನ ಕಲ್ಲುಗುಡ್ಡಗಳನ್ನೇ ನೆಚ್ಚಿ ಬದುಕುವ, ದಕ್ಷಿಣ ಭಾರತವನ್ನು ಬಿಟ್ಟು ಬೇರೆಲ್ಲೂ ಕಾಣದ ಹಳದಿ ಕತ್ತಿನ ಪಿಕಳಾರ ಹಕ್ಕಿಗೂ ನಂದಿಬೆಟ್ಟ, ದೇವರಾಯನದುರ್ಗಗಳೇ ಮನೆ. ನಂದಿಬೆಟ್ಟದ ರೋಪ್‌ವೇಗೆ 2023ರಲ್ಲಿ ಶಂಕುಸ್ಥಾಪನೆಯಾಯಿತು. ಮಧುಗಿರಿಗೂ ಅಂಥದೊಂದು ಬೇಕೆಂಬ ಕೂಗು ಮತ್ತೆ ಮತ್ತೆ ಏಳುತ್ತದೆ. ಬೆಟ್ಟ ಹತ್ತುವ ಶ್ರಮವೇ ಈವರೆಗೆ ಬೆಟ್ಟಕ್ಕಿದ್ದ ಏಕೈಕ ಕಾವಲು. ಅದನ್ನೂ ತೆಗೆದುಹಾಕುವ ಯೋಜನೆಯನ್ನು ಅಭಿವೃದ್ಧಿಯೆಂದು ಕರೆಯಲಾಗುತ್ತಿದೆ.

ದೂರದ ಹಿಮಾಲಯದ ಅನುಭವವೂ ಇದನ್ನೇ ಹೇಳುತ್ತದೆ. 2018ರ ಮೇ-ಜೂನ್‌ನಲ್ಲಿ, ಪ್ರವಾಸಿಗರ ಸಂದಣಿ ತುತ್ತತುದಿಗೇರಿದ್ದಾಗಲೇ, ಶಿಮ್ಲಾ ನಗರದಲ್ಲಿ ಕುಡಿಯುವ ನೀರಿಗೆ ಹಾಹಾಕಾರವೆದ್ದಿತು. ದಯವಿಟ್ಟು ಈಗ ಬರಬೇಡಿರೆಂದು ಅಲ್ಲಿಯ ನಿವಾಸಿಗಳೇ ಪ್ರವಾಸಿಗರನ್ನು ಕೋರಿದರು. 2013ರ ಜೂನ್ 16-17ರಂದು ಕೇದಾರನಾಥದ ಮೇಲೆ ಪ್ರವಾಹ ಎರಗಿದಾಗ ಯಾತ್ರೆಯ ದಟ್ಟಣೆ ಉಚ್ಛ್ರಾಯದಲ್ಲಿತ್ತು. ಸಾವಿರಾರು ಜನ ಮಡಿದರು, ಕರ್ನಾಟಕದ ಕುಟುಂಬಗಳೂ ದಿನಗಟ್ಟಲೆ ಸಿಲುಕಿಕೊಂಡವು. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೊರಟ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿ 9 ಮಂದಿ ಅಸುನೀಗಿದರು. ಅವರಲ್ಲಿ ಅನುಭವಿಗಳೂ ಇದ್ದರು. ಅವರನ್ನು ದೂರುವುದು ಸಲ್ಲದು. ಆದರೆ ಅದೇ ಬೆಟ್ಟಗಳನ್ನು ಮಕ್ಕಳುಮರಿಯೊಡನೆ ಯಾವಾಗ ಬೇಕಾದರೂ ಹೋಗಿಬರಬಹುದಾದ ಜಾಗವೆಂದು ಮಾರುವ ವ್ಯಾಪಾರವನ್ನು ದೂರಲೇಬೇಕು. ಇದೇ ಉತ್ತರಾಖಂಡದಲ್ಲಿ ಇನ್ನೊಂದು ನಿದರ್ಶನವೂ ಇದೆ: ಪರ್ವತಾರೋಹಿಗಳ ದಂಡಿನಿಂದ ನಂದಾದೇವಿಯ ಒಳಕಣಿವೆ ಹಾಳಾಗುತ್ತಿರುವುದನ್ನು ಕಂಡು 1980ರ ದಶಕದ ಆರಂಭದಲ್ಲಿ ಅದನ್ನು ಜನರಿಗೆ ಮುಚ್ಚಲಾಯಿತು. ಬೆಟ್ಟಕ್ಕೂ ರಜೆ ಕೊಡಲು ಸಾಧ್ಯವೆಂಬುದನ್ನು ಈ ದೇಶ ಎಂದೋ ತೋರಿಸಿಕೊಟ್ಟಿದೆ.

ಪ್ರವಾಸೋದ್ಯಮ ನಿಂತರೆ ಹಳ್ಳಿಗರ ಹೊಟ್ಟೆಗೇನು ಎಂಬ ಆಕ್ಷೇಪ ಸಹಜವಾದದ್ದು, ಉಪೇಕ್ಷಿಸತಕ್ಕದ್ದಲ್ಲ. ಆದರೆ ಬೇಸಿಗೆಯ ಕಾರುಗಳಿಂದ ತಪ್ಪಲಿನ ಹಳ್ಳಿಗೆ ಸೇರುವುದೇನು? ವಾಹನ ನಿಲುಗಡೆಯ ಗುತ್ತಿಗೆ ಒಬ್ಬರಿಗೆ, ಚುರುಮುರಿ-ಸೌತೆಕಾಯಿ ಮಾರುವ ನಾಲ್ಕಾರು ಮನೆಗಳಿಗೆ ಚಿಲ್ಲರೆ ಕಾಸು. ಉಳಿದ ದುಡ್ಡು ಹೆದ್ದಾರಿಯ ಹೋಟೆಲುಗಳಿಗೆ. ಬಾಟಲಿ, ಪೊಟ್ಟಣ, ಎಂಜಲೆಲೆ ಮಾತ್ರ ಊರಿನ ಪಾಲಿಗೆ. ಬತ್ತಿದ ಕೊಳವೆಬಾವಿ, ಕೋತಿ ತಿಂದ ಬೆಳೆ, ಸುಟ್ಟ ಮೇವು ಇವುಗಳ ಲೆಕ್ಕವನ್ನು ಆ ಚಿಲ್ಲರೆಯ ಎದುರಿಗಿಟ್ಟು ಕೂಡಿ ಕಳೆದ ಗ್ರಾಮ ಪಂಚಾಯಿತಿ ಒಂದಿದ್ದರೆ ಮಾತು ಬೇರೆ.

ಹಿಂದೆಯೂ ಜನ ದುರ್ಗಕ್ಕೆ ಬೇಸಿಗೆಯಲ್ಲಿ ಬರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ಬರುತ್ತಿದ್ದರು. ಫಾಲ್ಗುಣದಲ್ಲಿ ಭೋಗಾನರಸಿಂಹನ ತೇರಿಗೆ ಊರೂರುಗಳಿಂದ ಗಾಡಿ ಕಟ್ಟಿಕೊಂಡು, ನಡೆದುಕೊಂಡು ಬರುತ್ತಿದ್ದರು. ತೇರೆಳೆದು, ಮೆಟ್ಟಿಲು ಹತ್ತಿ ಯೋಗಾನರಸಿಂಹನಿಗೆ ಕೈಮುಗಿದು ಹಿಂತಿರುಗುತ್ತಿದ್ದರು. ಅದಕ್ಕೊಂದು ದಿನವಿತ್ತು, ದಾರಿಯಿತ್ತು, ಕಟ್ಟುಪಾಡಿತ್ತು. ಈಗಿನದು ಹತ್ತು ವಾರಗಳ ಮುಗಿಯದ ಜಾತ್ರೆ, ಯಾವ ಕಟ್ಟುಪಾಡೂ ಇಲ್ಲದ್ದು.

ಆದುದರಿಂದ ಬೇಡಿಕೆ ಸರಳ. ಫೆಬ್ರವರಿ ನಡುವಿನಿಂದ ಮುಂಗಾರಿನ ಮಳೆ ನೆಲವನ್ನು ಚೆನ್ನಾಗಿ ತೋಯಿಸುವವರೆಗೆ ದೇವರಾಯನದುರ್ಗ ಹಾಗೂ ಉತ್ತರದ ಕಲ್ಲುಬೆಟ್ಟಗಳ ಕಾಡುದಾರಿಗಳಿಗೆ ಖಾಸಗಿ ವಾಹನಗಳ ಪ್ರವೇಶ ನಿಲ್ಲಲಿ. ದೇವರ ದರ್ಶನಕ್ಕೆ ಬರುವವರಿಗೆ ತಪ್ಪಲಿನಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಿರಲಿ. ಇದು ಅಸಾಧ್ಯವಾದುದಲ್ಲ. ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ನೀಲಗಿರಿಗೆ ಹೋಗುವ ಪ್ರವಾಸಿಗರ ವಾಹನಗಳಿಗೆ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು. ಅದೇ ವರ್ಷ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಂತೆಯಂತೆ ಜನ ಸೇರಿದ ಮೇಲೆ ರಾಜ್ಯದ ಅರಣ್ಯ ಇಲಾಖೆಯೇ ಚಾರಣಕ್ಕೆ ಮುಂಗಡ ನೋಂದಣಿಯ ಕ್ರಮ ಕೈಗೊಂಡಿತು. ಸಹ್ಯಾದ್ರಿಗೆ ಸಲ್ಲುವ ನ್ಯಾಯ ತುಮಕೂರಿನ ಒಣಬೆಟ್ಟಕ್ಕೆ ಏಕೆ ಸಲ್ಲಬಾರದು? ಒಣಕಾಡು ಕಣ್ಣಿಗೆ ಹಸಿರಾಗಿ ಕಾಣದೆಂಬ ಒಂದೇ ಕಾರಣಕ್ಕೆ ಅದನ್ನು ಬರಡೆಂದು ಬಗೆಯುವ ಅಭ್ಯಾಸ ಅಧಿಕಾರಿಗಳಲ್ಲೂ ಇದೆ, ವಿದ್ಯಾವಂತರಲ್ಲೂ ಇದೆ.

ಹಾಗಾದರೆ ಮಕ್ಕಳು ಬೇಸಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಬೇಸಿಗೆ ಎಂದರೆ ಅಜ್ಜಿಯ ಮನೆ. ಬೆಟ್ಟ ಬಳಲಿರುವ ಕಾಲದಲ್ಲಿ ಬೆಟ್ಟದ ಕೆಳಗಿನ ಊರು ಸಮೃದ್ಧವಾಗಿರುತ್ತದೆ. ಹುಣಸೆ ಕುಟ್ಟುವುದು, ಮಾವು ಕೊಯ್ಯುವುದು, ಹಪ್ಪಳ-ಸಂಡಿಗೆ ಒಣಗಿಸುವುದು, ಮೇ ಬಂದರೆ ಹಲಸು ಬಿಡಿಸುವುದು, ಎಲ್ಲಕ್ಕೂ ಮಕ್ಕಳ ಕೈ ಬೇಕು. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿನ ಸಂತೆಗೆ ಹೆಸರಾದ ಊರು. ಕೆಂಪು ತೊಳೆಯ ‘ಸಿದ್ದು’, ‘ಶಂಕರ’ ಹಲಸಿನ ತಳಿಗಳು ಇದೇ ಸೀಮೆಯ ರೈತರ ಹೊಲಗಳಲ್ಲಿದ್ದ ಮರಗಳು. ಅವುಗಳನ್ನು ಗುರುತಿಸಿ ನಾಡಿಗೆ ಪರಿಚಯಿಸಿದ್ದು ಹಿರೇಹಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ಅಜ್ಜಿಯ ಊರಿಲ್ಲದ ನಗರದ ಕುಟುಂಬಗಳಿಗೆ ಎರಡು ದಿನ ಊಟ-ವಸತಿ ಕೊಟ್ಟು, ತೋಟ ತೋರಿಸಿ ನ್ಯಾಯವಾದ ಹಣ ಪಡೆಯಲು ತಪ್ಪಲಿನ ಸ್ತ್ರೀಶಕ್ತಿ ಸಂಘಗಳಿಗೆ ಯಾವ ರೋಪ್‌ವೇಯೂ ಬೇಕಾಗಿಲ್ಲ.

ಬೆಟ್ಟವನ್ನು ನೋಡಲೇಬೇಕೆಂಬ ಆಸೆಗೆ ದಸರಾ ರಜೆ ಇದ್ದೇ ಇದೆ. ಉತ್ತರೆ, ಹಸ್ತ ಮಳೆಗಳು ಸುರಿದ ಮೇಲೆ ಬಾದೆ ಹುಲ್ಲು ಹಸಿಯಾಗಿರುತ್ತದೆ, ಕಿಡಿ ಬಿದ್ದರೂ ಹತ್ತುವುದಿಲ್ಲ. ದೊಣೆಗಳು ತುಂಬಿರುತ್ತವೆ, ಪ್ರಾಣಿಗಳು ಒಂದೇ ನೀರಿಗೆ ಮುಗಿಬೀಳಬೇಕಾಗಿಲ್ಲ. ನಾಮದ ಚಿಲುಮೆಯ ದಾರಿಯಲ್ಲಿ ಚಿಟ್ಟೆಗಳಿರುತ್ತವೆ. ಮಳೆ ಚೆನ್ನಾಗಿ ಆದ ವರ್ಷವಾದರೆ ಜಯಮಂಗಲಿ ತನ್ನ ಹುಟ್ಟಿನ ಬಳಿ ಮಗುವೊಂದು ದಾಟಬಹುದಾದಷ್ಟು ಚಿಕ್ಕದಾಗಿ, ಸದ್ದು ಮಾಡುತ್ತ ಹರಿಯುತ್ತಿರುತ್ತದೆ.