ಶಾಸನಶೋಧವೂ ಸಾಮಾಜಿಕ ಜಾಲತಾಣವೂ

ವಿದ್ಯೆ ಯಾರೊಬ್ಬರ ಸ್ವತ್ತೂ ಅಲ್ಲವೆಂದು ನಾವು ಹೇಳುತ್ತ ಬಂದಿದ್ದರೂ ಶಾಸನಗಳ ಅಧ್ಯಯನವು ಬಹುಕಾಲ ಕೆಲವೇ ವಿದ್ವಾಂಸರ ಕೈಯಲ್ಲಿ ಉಳಿದಿದ್ದಿತು. ಅದಕ್ಕೆ ಅವರನ್ನು ದೂರುವಂತಿಲ್ಲ. ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ ಅವರು 1904ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಎಂಟನೆಯ ಸಂಪುಟವಾಗಿ ಹೊರತಂದರು. ಆ ಕಾಲದಲ್ಲಿ ಮಲೆನಾಡಿನ ಕಾಡುದಾರಿಯನ್ನು ಸವೆಸಿ, ಕಲ್ಲಿದ್ದಲ್ಲಿಗೇ ಹೋಗಿ ನಕಲು ಮಾಡುವುದಲ್ಲದೆ ಬೇರೆ ಉಪಾಯವೆಲ್ಲಿ? ಇಂದಿನ ಹೊಸನಗರ ತಾಲ್ಲೂಕಿನ ಕಲ್ಲುಗಳನ್ನು ಹುಡುಕುವವರು ಈಗಲೂ ಆ ಸಂಪುಟದ ‘ನಗರ’ ಎಂಬ ಭಾಗವನ್ನೇ ತೆರೆಯಬೇಕು.

ಇಂದಿನ ಬಗೆಯೇ ಬೇರೆ. ಅಡಕೆ ತೋಟದ ಅಂಚಿನಲ್ಲಿ ವೀರಗಲ್ಲೊಂದು ಕಂಡಿತೆನ್ನಿ. ತೋಟದವರ ಮಗ ಅದರ ಚಿತ್ರವನ್ನು ತೆಗೆದು ವಾಟ್ಸಾಪ್ ಬಳಗಕ್ಕೆ ಕಳುಹಿಸುತ್ತಾನೆ. ರಾತ್ರಿಯ ಊಟದ ಹೊತ್ತಿಗೆ ಮೈಸೂರಿನವರೊಬ್ಬರು ಮೊದಲ ಸಾಲನ್ನು ಓದಿದರೆ, ಧಾರವಾಡದವರೊಬ್ಬರು ಸಂವತ್ಸರವನ್ನು ಗುರುತಿಸುತ್ತಾರೆ. ಹಿಂದೆ ವರ್ಷಗಳು ಹಿಡಿಯುತ್ತಿದ್ದ ಪತ್ರವ್ಯವಹಾರ ಒಂದು ಸಂಜೆಯಲ್ಲಿ ಮುಗಿಯುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ. ಶ. 750ರದೆಂದು ನಿರ್ಣಯಿಸಲಾದ ಕಿತ್ತಯ್ಯನ ವೀರಗಲ್ಲಿನ ರಕ್ಷಣೆಗೆ ಮುಂದಾದವರು ಫೇಸ್‌ಬುಕ್ಕಿನ ಮೂಲಕ ಒಂದುಗೂಡಿದ ನಾಗರಿಕರು. ಅವರಲ್ಲಿ ಹೆಚ್ಚಿನವರು ವೃತ್ತಿಯಿಂದ ಸಂಶೋಧಕರಲ್ಲ. ಇದನ್ನು ಕಂಡು ಸಂತೋಷಪಡದಿರುವ ಅಧ್ಯಾಪಕನು ಯಾರು?

ಆದರೆ ಬೇಗ ಓದಿದ್ದೆಲ್ಲ ಸರಿಯಾಗಿ ಓದಿದ್ದಾಗಲಾರದು. ಸವೆದ ಕಲ್ಲಿನಲ್ಲಿ ಪಕಾರ ವಕಾರಗಳ ಭೇದ ತಿಳಿಯುವುದು ಸುಲಭವಲ್ಲ. ಬೆಳಕು ಓರೆಯಾಗಿ ಬೀಳದಿದ್ದರೆ ಚಿತ್ರವೂ ಮೋಸ ಮಾಡುತ್ತದೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಶಕವರ್ಷ, ತಿಥಿ, ವಾರಗಳೊಡನೆ ಅದನ್ನು ತಾಳೆ ನೋಡದೆ ಕಾಲವನ್ನು ಹೇಳುವುದು ಸಾಹಸವೇ ಸರಿ. ಕಲ್ಲಿನಲ್ಲಿ ಕಂಡ ‘ಸಾಂತರ’ನು ಯಾವ ಸಾಂತರನೆಂದು ತಿಳಿಯಬೇಕಾದರೆ ಹೊಂಬುಜದ 1077ರ ಶಾಸನದಲ್ಲಿನ ವಂಶಾವಳಿಯೊಡನೆ ಒರೆಹಚ್ಚಬೇಕು. ಇಂಥ ಕೆಲಸಕ್ಕೆ ಸಂಜೆಯೊಂದು ಸಾಲದು. ತಪ್ಪು ಪಾಠವಾದರೋ ಅಷ್ಟರಲ್ಲಿ ನೂರು ಬಳಗಗಳನ್ನು ದಾಟಿರುತ್ತದೆ. ತಿದ್ದುಪಡಿ ಅದರ ಹಿಂದೆ ಓಡಿ ಎಂದಿಗೂ ಅದನ್ನು ಮುಟ್ಟಲಾರದು.

ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದುಂಟು. ಕಲ್ಲನ್ನು ಮೊದಲು ಕಂಡವನ ಹೆಸರು ನಾಲ್ಕನೆಯ ಬಳಗವನ್ನು ಮುಟ್ಟುವ ಮೊದಲೇ ಅಳಿಸಿಹೋಗಿ, ಕೊನೆಗೆ ಲೇಖನವನ್ನು ಬರೆದವನೇ ಶೋಧಕನೆನಿಸಿಕೊಳ್ಳುತ್ತಾನೆ. ಪೊದೆಯನ್ನು ಸವರಿ ಕಲ್ಲನ್ನು ತೊಳೆದ ರೈತನಿಗೆ ಒಂದು ಸಾಲಿನ ಋಣವನ್ನೂ ಸಲ್ಲಿಸದ ಪಾಂಡಿತ್ಯ ಎಂಥದು? ಮತ್ತೂ ಒಂದು ಅಪಾಯವಿದೆ. ಚಿತ್ರದೊಡನೆ ಊರು, ದಾರಿ, ಗುಡ್ಡಗಳ ವಿವರವನ್ನೆಲ್ಲ ಪ್ರಕಟಿಸಿದರೆ, ಓದುವವರ ಸಾಲಿನಲ್ಲಿ ನಿಧಿಗಳ್ಳರೂ ಇರುತ್ತಾರೆಂಬುದನ್ನು ಮರೆಯಬಾರದು. ಲಿಪಿಯನ್ನರಿಯದವನಿಗೆ ಶಾಸನವೆಂದರೆ ಹೊನ್ನಿನ ಗುರುತು. ಅವನ ಹಾರೆಗೆ ಸಾವಿರ ವರ್ಷದ ಕಲ್ಲು ಒಂದು ರಾತ್ರಿಯ ತುತ್ತು.

ಹಾಗೆಂದು ಬಾಗಿಲು ಮುಚ್ಚಬೇಕೆಂದು ನನ್ನ ಅಭಿಪ್ರಾಯವಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗಗಳು ಸೇರಿ ಒಂದು ದಾಖಲೆ ಪುಸ್ತಕವನ್ನು ಇಡಲಿ. ಕಲ್ಲಿನ ಸ್ಥಳ, ಅಳತೆ, ಕಂಡ ದಿನ, ಮೊದಲು ಕಂಡವರ ಹೆಸರು ಅದರಲ್ಲಿ ದಾಖಲಾಗಲಿ. ಬಳಗಕ್ಕೆ ಚಿತ್ರ ಹೋಗಲಿ, ನಿಖರವಾದ ನೆಲೆ ಹೋಗದಿರಲಿ. ಜಾಲತಾಣದ ಓದನ್ನು ಊಹೆಯೆಂದು ಕರೆದು, ಕಲ್ಲಿನ ಮುಂದೆ ನಿಂತು ಪರಿಶೀಲಿಸಿದ ಬಳಿಕವೇ ಅದು ಅಚ್ಚಾಗಲಿ. ಬಲ್ಲ ಅಧ್ಯಾಪಕರು ವರ್ಷಕ್ಕೆ ನಾಲ್ಕು ಭಾನುವಾರ ವಿದ್ಯಾರ್ಥಿಗಳಿಗೆ ಹಳೆಯ ಲಿಪಿಯನ್ನು ಕಲಿಸಲಿ. ಇದಕ್ಕೆ ಹೆಚ್ಚು ಹಣ ಬೇಡ, ಮನಸ್ಸು ಬೇಕು.

ನೂರು ಕಣ್ಣುಗಳು ಹುಡುಕುವುದು ನಾಡಿನ ಭಾಗ್ಯ. ಆದರೆ ಕಂಡದ್ದಕ್ಕೆ ಹೊಣೆಯಾಗುವ ಒಂದು ಕೈಯಾದರೂ ಇರದಿದ್ದರೆ, ಅಷ್ಟು ಕಾಲ ಮಳೆಗಾಳಿಗಳನ್ನು ತಾಳಿಕೊಂಡ ಕಲ್ಲು ನಮ್ಮ ಉತ್ಸಾಹವನ್ನು ತಾಳಿಕೊಳ್ಳಲಾರದು.