ಕಪ್ಪು ಕಪ್ಪಿನ ಕಥೆ

ಮಗಳು ತಂದುಕೊಟ್ಟ ಕಾಫಿ ಕಪ್ಪು ನೋಡಿ ಮೊದಲು ಮುಖ ಸಿಂಡರಿಸಿದೆ. ಮಸಿ ಬಳಿದ ಹಾಗಿತ್ತು. ಬಿಸಿ ಕಾಫಿ ಸುರಿದಿದ್ದೇ ತಡ, ಮಸಿಯೆಲ್ಲ ಮಾಯವಾಗಿ ಮನೆಮಂದಿಯ ಫೋಟೋ ಮೂಡಿತು! ಮೇಲಿನ ಬಣ್ಣ ಬಿಸಿ ತಾಗಿದರೆ ಗಾಜಿನಂತೆ ತಿಳಿಯಾಗುತ್ತದೆ, ಆರಿದರೆ ಮತ್ತೆ ಕಪ್ಪು.

ನನಗೆ ಆಸೆ ಹುಟ್ಟಿದ್ದು ಬೇರೆ ಕಾರಣಕ್ಕೆ. ಸಕ್ಕರೆ ಕಾಯಿಲೆಯಿಂದ ನಮ್ಮತ್ತೆಯವರ ಬೆರಳು ಜೋಮು. ಲೋಟದ ಬಿಸಿ ತಿಳಿಯದೆ ಎರಡು ಸಲ ತುಟಿ ಸುಟ್ಟುಕೊಂಡಿದ್ದಾರೆ. ಇದನ್ನು ನೋಡಿಕೊಂಡು ಕುಡಿಯಬಹುದಲ್ಲ ಅಂದುಕೊಂಡೆ. ಊಹೂಂ! ಸುಡುವ ಕಾಫಿಗೂ ಫೋಟೋ, ಹದವಾದ ಕಾಫಿಗೂ ಅದೇ ಫೋಟೋ. ಪೂರ್ತಿ ಕಪ್ಪಾಗುವವರೆಗೆ ಕಾದು ಕೊಟ್ಟರೆ, "ಇದೇನೇ, ಕಲಗಚ್ಚು!" ಅಂದರು.

ಕಾಫಿ 55 ಡಿಗ್ರಿಗೆ ಇಳಿದಾಗ ಮೂಡುವಂಥ ಇನ್ನೊಂದು ಬಣ್ಣದಲ್ಲಿ, ಹಣೆಯ ಕುಂಕುಮದಷ್ಟಗಲ ಒಂದು ಬೊಟ್ಟು ಇಡಬಾರದೇ ಈ ತಯಾರಕರು? ಬೊಟ್ಟು ಕಂಡರೆ ಕುಡಿಯಬಹುದು, ಅಷ್ಟೇ. ತುಟಿ ತಾಗುವ ಅಂಚಿಗೆ ಬಣ್ಣವೂ ಬೇಡ. ಹಿಡಿಯೊಳಗೆ ನಾಲ್ಕು ಬೆರಳೂ ಹೋಗುವಂತಿರಲಿ.

ಕೊಂಡವರು ನೀರಲ್ಲಿ ನೆನೆಹಾಕಬೇಡಿ, ಸ್ಟೀಲಿನ ನಾರಿನಿಂದ ತಿಕ್ಕಬೇಡಿ. ನಾನು ತಿಕ್ಕಿದ್ದರಿಂದ ಈಗ ಕಾಫಿ ಇರಲಿ ಬಿಡಲಿ, ನಮ್ಮ ಯಜಮಾನರ ಅರ್ಧ ಮೀಸೆ ಕಾಣುತ್ತಲೇ ಇರುತ್ತದೆ!