ಬೋಧನಾಭ್ಯಾಸಕ್ಕೆ ಮುನ್ನ ಎರಡು ವಾರ ಉಬುಂಟು

ಬೋಧನಾಭ್ಯಾಸಕ್ಕೆ ಶಾಲೆಗಳಿಗೆ ಹೋಗುವ ಮುನ್ನ ನಮ್ಮ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಎರಡು ವಾರ ಉಬುಂಟು ಇರುವ ಕಂಪ್ಯೂಟರಿನಲ್ಲಿ ಕೆಲಸ ಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಸಿಬ್ಬಂದಿ ಸಭೆಯಲ್ಲಿ ಇದನ್ನು ಹೇಳಿದಾಗ, 'ಇರುವುದನ್ನೇ ಕಲಿಸಲು ಸಮಯವಿಲ್ಲ, ಇನ್ನೊಂದು ಯಾಕೆ?' ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಸಭೆಯಲ್ಲಿ ಐದು ನಿಮಿಷದಲ್ಲಿ ಉತ್ತರಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ಉಬುಂಟು ಒಂದು ಕಾರ್ಯಾಚರಣ ವ್ಯವಸ್ಥೆ, ಅಂದರೆ ವಿಂಡೋಸ್ ಮಾಡುವ ಕೆಲಸವನ್ನೇ ಮಾಡುವ ಇನ್ನೊಂದು ತಂತ್ರಾಂಶ. ಅದರ ತಿರುಳಾದ ಲಿನಕ್ಸನ್ನು 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಗ್ನು ಯೋಜನೆಯನ್ನು ಘೋಷಿಸಿದ್ದರು. ಎರಡೂ ಸೇರಿ ಬೆಳೆದ ಮರದ ಒಂದು ಕೊಂಬೆಯಾಗಿ ಉಬುಂಟು 2004ರಲ್ಲಿ ಹೊರಬಂತು. ಯಾರು ಬೇಕಾದರೂ ನಕಲು ಮಾಡಬಹುದು, ಹಂಚಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು.

ಈ ವಿಷಯ ಎತ್ತಿದರೆ ಎಲ್ಲರೂ ಮೊದಲು ಹೇಳುವುದು 'ಅದು ಪುಕ್ಕಟೆ' ಎಂದು. ಪುಕ್ಕಟೆ ನಿಜ. ಕೇರಳದ ಐಟಿ@ಸ್ಕೂಲ್ ಯೋಜನೆ ರಾಜ್ಯದ ಶಾಲೆಗಳನ್ನೆಲ್ಲ ಸ್ವತಂತ್ರ ತಂತ್ರಾಂಶದ ಕಡೆಗೆ ತಿರುಗಿಸಿದ್ದರಲ್ಲಿ ಹಣದ ಲೆಕ್ಕವೂ ಇತ್ತು. ನಮ್ಮಲ್ಲಿಯೂ ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟುವಿನ ಮೇಲೆಯೇ ಕೈ ಪಳಗಿಸಿಕೊಂಡರು. ಆದರೆ ನನ್ನ ವಾದಕ್ಕೆ ಹಣದ ಆಸರೆ ಬೇಡ. ಉಬುಂಟುವಿಗೆ ದುಡ್ಡು ಕೊಡಬೇಕಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ನನ್ನ ಕಾರಣ ಬೇರೆ. ಹದಿನೆಂಟು ವರ್ಷ ಒಂದೇ ವ್ಯವಸ್ಥೆಯಲ್ಲಿ ಕೆಲಸ ಮಾಡಿದ ಮೇಲೆ ಕಳೆದ ಬೇಸಿಗೆ ರಜೆಯಲ್ಲಿ ನಾನು ಉಬುಂಟುವಿಗೆ ಕುಳಿತೆ. 8 ಜಿಬಿ ಪೆನ್‌ಡ್ರೈವ್‌ನಲ್ಲಿ ಅದನ್ನು ಹಾಕಿಕೊಂಡು, ಕಂಪ್ಯೂಟರಿನಲ್ಲಿ ಇರುವ ಯಾವುದನ್ನೂ ಅಳಿಸದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ತೆರೆ ಬಂತು. ಚೆಂದವಾಗಿಯೇ ಇತ್ತು. ಪಾಠ ಯೋಜನೆಯ ಕಡತ ಹುಡುಕಲು ಸಿ ಡ್ರೈವ್ ಎಲ್ಲಿ ಎಂದು ನೋಡಿದರೆ ಸಿ ಡ್ರೈವ್ ಇಲ್ಲವೇ ಇಲ್ಲ! ಅಲ್ಲಿ ಎಲ್ಲವೂ ಒಂದೇ ಮರ. ಬುಡದಲ್ಲಿ ಒಂದು ಓರೆಗೆರೆ, ಅದರಿಂದ ಕೊಂಬೆಗಳು, ಅದರಲ್ಲೊಂದು ಕೊಂಬೆ ನನ್ನ ಮನೆ. ಪೆನ್‌ಡ್ರೈವ್ ಚುಚ್ಚಿದರೆ ಅದೂ ಹೊಸ ಡ್ರೈವ್ ಆಗದೆ ಅದೇ ಮರಕ್ಕೆ ಒಂದು ಕೊಂಬೆಯಾಗಿ ಅಂಟಿಕೊಳ್ಳುತ್ತದೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಬದಲಾದರೆ ಅದು ಬೇರೆಯೇ ಕಡತ. ಹೊಸ ತಂತ್ರಾಂಶ ಬೇಕೆಂದರೆ ಅಂತರಜಾಲದಲ್ಲಿ ಅಲೆಯದೆ ಅದರದೇ ಉಗ್ರಾಣದಿಂದ ಪಡೆಯಬೇಕು. ಆಗ ಪ್ರತಿ ಸಲವೂ ಗುಪ್ತಪದ ಕೇಳುತ್ತದೆ. ಮೊದಲ ಮೂರು ದಿನ ಈ ಗುಪ್ತಪದ ನನಗೆ ಕಿರಿಕಿರಿ. ನಾಲ್ಕನೆಯ ದಿನ ಹೊಳೆಯಿತು: ಬಳಸುವವನು ಬೇರೆ, ಆಡಳಿತಗಾರ ಬೇರೆ ಎಂಬ ಭೇದವನ್ನು ಅದು ನನಗೆ ನೆನಪಿಸುತ್ತಿದೆ. ಪಠ್ಯಪುಸ್ತಕದಲ್ಲಿ ಈ ಭೇದವನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೇನೆ. ಅದು ಮೈಗೆ ತಾಗಿದ್ದು ಆಗಲೇ.

ಇಲ್ಲಿಗೆ ಇದು ಕಂಪ್ಯೂಟರಿನ ಮಾತಾಯಿತು. ಬೋಧನೆಯ ಮಾತು ಇನ್ನು ಮುಂದೆ.

ಆ ದಿನಗಳಲ್ಲಿ ನನಗೆ ಇಬ್ಬರು ಸಹಾಯ ಮಾಡಿದರು. ಒಬ್ಬರು ಈ ವಿದ್ಯೆಯಲ್ಲಿ ನುರಿತ ಗೆಳೆಯರು. ಕನ್ನಡ ಟೈಪಿಂಗ್ ಹೇಗೆ ಎಂದು ಕೇಳಿದ್ದೇ ತಡ, 'ಕೊಡಿ ಇಲ್ಲಿ' ಎಂದು ಮೌಸ್ ಕಿತ್ತುಕೊಂಡರು. ಹತ್ತು ಸೆಕೆಂಡಿನಲ್ಲಿ ನಾಲ್ಕು ಕಿಟಕಿ ತೆರೆದು ಮುಚ್ಚಿದರು. 'ಆಯ್ತು ನೋಡಿ' ಎಂದರು. ಆಗಿತ್ತು. ನನಗೆ ಒಂದಿಷ್ಟೂ ತಿಳಿದಿರಲಿಲ್ಲ, ಮತ್ತೆ ಕೇಳಲು ಸಂಕೋಚ. ಇನ್ನೊಬ್ಬಳು ನಮ್ಮದೇ ಗಣಿತ ವಿಭಾಗದ ಪ್ರಶಿಕ್ಷಣಾರ್ಥಿ. ಪ್ರೊಜೆಕ್ಟರ್ ಜೋಡಿಸಿದರೆ ತೆರೆಯ ಮೇಲೆ ನನ್ನ ಸ್ಲೈಡ್ ಬದಲು ಬರಿಯ ಹಿನ್ನೆಲೆ ಚಿತ್ರ ಬರುತ್ತಿತ್ತು. ಆಕೆ ಕೈ ಹಿಂದೆ ಕಟ್ಟಿಕೊಂಡು ನಿಂತು ಕೇಳಿದಳು: 'ಸರ್, ವಿಂಡೋಸ್‌ನಲ್ಲಿ ಇದಕ್ಕೆ ಏನು ಮಾಡುತ್ತಿದ್ದಿರಿ?' ಎರಡು ತೆರೆಯಲ್ಲೂ ಒಂದೇ ಚಿತ್ರ ಬರಲಿ ಎನ್ನುತ್ತಿದ್ದೆ ಎಂದೆ. 'ಹಾಗಾದರೆ ಇಲ್ಲಿ ಅದು ಎಲ್ಲಿರಬಹುದು?' ನಾನು ಸೆಟ್ಟಿಂಗ್ಸ್ ತೆರೆದೆ, ಡಿಸ್‌ಪ್ಲೇ ಎಂಬುದನ್ನು ನೋಡಿದೆ, ಸಿಕ್ಕಿತು. ಆಮೇಲೆ ಇನ್ನೊಂದು ಕಾಲೇಜಿನಲ್ಲಿ ಬೇರೆ ಪ್ರೊಜೆಕ್ಟರ್ ಜೊತೆಗೂ ಯಾರನ್ನೂ ಕೇಳದೆ ಮಾಡಿಕೊಂಡೆ.

'ಜ್ಞಾತದಿಂದ ಅಜ್ಞಾತಕ್ಕೆ' ಎಂಬ ಸೂತ್ರವನ್ನು ಪ್ರತಿ ವರ್ಷ ಜುಲೈನಲ್ಲೋ ಆಗಸ್ಟ್‌ನಲ್ಲೋ ಕರಿಹಲಗೆಯ ಮೇಲೆ ಬರೆಯುವವನು ನಾನು. ಅದರ ಬೆಲೆ ಕಲಿಯುವವನ ಕುರ್ಚಿಯಲ್ಲಿ ಕುಳಿತಾಗ ತಿಳಿಯುವಷ್ಟು ಸ್ಪಷ್ಟವಾಗಿ ವೇದಿಕೆಯಿಂದ ತಿಳಿಯುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳ ಸಮಸ್ಯೆಯೂ ಇದೇ. ಸರಾಸರಿ 22 ವಯಸ್ಸಿನ ಇವರು ತಾವು ಬೋಧಿಸುವ ವಿಷಯದಲ್ಲಿ ಹೊಸಬರಾಗಿದ್ದು ಎಂದೋ ಮರೆತಿದ್ದಾರೆ. ಎಂಟನೆಯ ತರಗತಿಯ ಹುಡುಗನಿಗೆ ಬೀಜಗಣಿತದ 'ಎಕ್ಸ್' ಎಂಥ ಗಾಬರಿ ಹುಟ್ಟಿಸುತ್ತದೆ ಎಂಬುದನ್ನು ಗಣಿತದ ಪದವೀಧರೆಗೆ ಮಾತಿನಲ್ಲಿ ವಿವರಿಸಲಾಗದು. ಪರಿಚಿತ ಕೆಲಸವನ್ನೇ ಅಪರಿಚಿತ ಜಾಗದಲ್ಲಿ ಮಾಡಲು ಬಿಟ್ಟರೆ ಆಕೆಗೆ ಅದೇ ಗಾಬರಿ ಅರ್ಧ ಗಂಟೆಯಲ್ಲಿ ಸಿಗುತ್ತದೆ. ಪಕ್ಕದವರು ಮೌಸ್ ಕಿತ್ತುಕೊಂಡಾಗ ಏನನ್ನಿಸುತ್ತದೆ ಎಂಬುದೂ ಸಿಗುತ್ತದೆ. ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲಕ್ಕೆ ನಾವು ಕೊಡುವ ಆರು ನಿಮಿಷಕ್ಕಿಂತ ಇದು ಹೆಚ್ಚು ಕಲಿಸುತ್ತದೆ ಎಂದೇ ನನ್ನ ನಂಬಿಕೆ. (ಸೂಕ್ಷ್ಮ ಬೋಧನೆಯ ಸಹೋದ್ಯೋಗಿಗಳು ಕ್ಷಮಿಸಲಿ, ಅಲ್ಲಿ ಸಹಪಾಠಿಗಳು ವಿದ್ಯಾರ್ಥಿಗಳಂತೆ ನಟಿಸುತ್ತಾರೆ, ಇಲ್ಲಿ ಯಾರೂ ನಟಿಸಬೇಕಿಲ್ಲ.)

2014ರ ನಿಯಮಗಳ ನಂತರ ಬಂದ ಎರಡು ವರ್ಷದ ಬಿ.ಇಡಿ.ಯಲ್ಲಿ ಈ ಪತ್ರಿಕೆಯ ಹೆಸರೇ 'ಐಸಿಟಿಯ ವಿಮರ್ಶಾತ್ಮಕ ಅರಿವು'. ಒಂದನ್ನೇ ನೋಡಿದವರು ವಿಮರ್ಶೆ ಯಾವುದರ ಜೊತೆ ಇಟ್ಟು ಮಾಡಬೇಕು? ನಾವು ಕಲಿಸುತ್ತಿರುವುದು ಬಹುಮಟ್ಟಿಗೆ ಒಂದು ಕಂಪನಿಯ ಗುಂಡಿಗಳ ಜಾಗ. ಗುಂಡಿ ಜಾಗ ಬದಲಿಸಿದ ದಿನ ಕಲಿತದ್ದು ಹೋಗುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಹೋಗಿದೆ ಕೂಡ. ಲಿಬ್ರೆ ಆಫೀಸ್‌ನಲ್ಲಿ ಅಂಕಪಟ್ಟಿ ಮಾಡಬಲ್ಲವರಿಗೆ ಎಕ್ಸೆಲ್‌ನಲ್ಲೂ ಮಾಡಲು ಬರುತ್ತದೆ, ಏಕೆಂದರೆ ಎರಡನ್ನು ನೋಡಿದವರ ತಲೆಯಲ್ಲಿ ಉಳಿಯುವುದು ಸಾಲು, ಕಂಬ, ಸೂತ್ರ ಎಂಬ ಕಲ್ಪನೆ.

ಇದು ಕಾಲೇಜಿನ ಒಳಗಿನ ಚರ್ಚೆ ಮಾತ್ರವಲ್ಲ. ಹಿಂದಿನ ಬೋಧನಾಭ್ಯಾಸದಲ್ಲಿ ನಮ್ಮ ತಂಡ ಹೋದ ಒಂದು ಪ್ರೌಢಶಾಲೆಯಲ್ಲಿ 10 ಕಂಪ್ಯೂಟರುಗಳಿದ್ದವು, ಬಟ್ಟೆ ಹೊದಿಸಿ ಇಟ್ಟಿದ್ದರು. 'ಅವು ಬೇರೆ ಥರದವು, ಗೊತ್ತಿದ್ದ ಮೇಷ್ಟ್ರು ವರ್ಗವಾಗಿ ಹೋದರು' ಎಂಬ ಉತ್ತರ ಬಂತು. ಬೇರೆ ಥರದವು ಎಂದರೆ ಉಬುಂಟು. ನಮ್ಮ ಐವರು ಪ್ರಶಿಕ್ಷಣಾರ್ಥಿಗಳಲ್ಲಿ ನಾಲ್ವರು ಅತ್ತ ತಿರುಗಿ ನೋಡಲಿಲ್ಲ. ಮೇಲೆ ಹೇಳಿದ ಗಣಿತದ ಹುಡುಗಿ ಬಟ್ಟೆ ತೆಗೆದಳು. 6 ಯಂತ್ರಗಳು ಚಾಲೂ ಆದವು. ಜಿಯೋಜಿಬ್ರಾ ಅವುಗಳಲ್ಲಿ ಮೊದಲೇ ಇತ್ತು. ಒಂಬತ್ತನೆಯ ತರಗತಿಗೆ ಚಕ್ರೀಯ ಚತುರ್ಭುಜದ ಪಾಠ. ವೃತ್ತದ ಮೇಲಿನ ಬಿಂದುವನ್ನು ಮಕ್ಕಳೇ ಹಿಡಿದು ಎಳೆದರು. ಕೋನಗಳು ಬದಲಾದರೂ ಅಭಿಮುಖ ಕೋನಗಳ ಮೊತ್ತ 180 ಡಿಗ್ರಿಯಲ್ಲೇ ನಿಂತದ್ದನ್ನು ನೋಡಿದರು. ಒಬ್ಬ ಹುಡುಗ ಬಿಂದುವನ್ನು ವೃತ್ತದ ಹೊರಗೆ ಎಳೆಯಲು ಹೋಗಿ, ಅದು ಬರದೆ, 'ಯಾಕೆ ಮಿಸ್ ಬರ್ತಿಲ್ಲ?' ಎಂದು ಕೇಳಿದ. ಆ ಪ್ರಶ್ನೆಯಿಂದಲೇ ಆಕೆ ಪ್ರಮೇಯದ ಷರತ್ತಿಗೆ ಬಂದಳು. ಅವಲೋಕನಕ್ಕೆ ಹಿಂದೆ ಕುಳಿತಿದ್ದ ನಾನು ಬರೆದುಕೊಳ್ಳುವುದನ್ನು ನಿಲ್ಲಿಸಿ ನೋಡಿದೆ.

ತೊಡಕುಗಳಿಲ್ಲವೆಂದು ಹೇಳಿ ಯಾರನ್ನೂ ಒಪ್ಪಿಸಲು ಹೋಗುವುದಿಲ್ಲ. ನಮ್ಮ ಮಟ್ಟಿಗೆ ದೊಡ್ಡದು ಹಳೆಯ ನುಡಿ ಕಡತಗಳದು. ಯೂನಿಕೋಡ್ ಬರುವ ಮುಂಚಿನ ಅಕ್ಷರಶೈಲಿಯಲ್ಲಿ ಮಾಡಿಟ್ಟ ಪ್ರಶ್ನೆಪತ್ರಿಕೆ, ಪಾಠ ಯೋಜನೆಗಳನ್ನು ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು ಕಾಣುತ್ತದೆ. ಆದರೆ ಇದು ಉಬುಂಟುವಿನ ದೋಷವಲ್ಲ, ಆ ಶೈಲಿ ಹಾಕಿರದ ವಿಂಡೋಸ್‌ನಲ್ಲಿಯೂ ಹೀಗೇ ಆಗುತ್ತದೆ. ಪರಿವರ್ತಕಗಳಿಂದ ಯೂನಿಕೋಡ್‌ಗೆ ತಂದರೆ ಒಂದೇ ಸಲಕ್ಕೆ ಮುಗಿಯುವ ಕೆಲಸ. ಟೈಪಿಂಗ್ ಬಗ್ಗೆ ಭಯ ಬೇಡ: ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು ಬಂದ, ನುಡಿಯಲ್ಲಿ ನಮ್ಮ ಬೆರಳಿಗೆ ಅಂಟಿರುವ ಕಗಪ ಕೀಲಿಮಣೆ ಅಲ್ಲಿಯೂ ಇದೆ. ಐಬಸ್ ಎಂಬ ಸೌಲಭ್ಯದಲ್ಲಿ ಕನ್ನಡದ ಕೆಳಗೆ ಸಿಗುತ್ತದೆ. ಪ್ರಿಂಟರ್ ಮಾತ್ರ ಅದೃಷ್ಟದ ಮೇಲೆ ನಿಂತಿದೆ. ಕೆಲವು ಚುಚ್ಚಿದೊಡನೆ ಕೆಲಸ ಮಾಡುತ್ತವೆ, ಕೆಲವು ಒಂದು ಇಡೀ ಭಾನುವಾರ ತಿನ್ನುತ್ತವೆ. ನಮ್ಮ ಕಚೇರಿಯದು ಎರಡನೆಯ ಜಾತಿ. ಆದ್ದರಿಂದ ಕಚೇರಿಯ ಕಂಪ್ಯೂಟರ್ ಬದಲಿಸಿ ಎಂದು ನಾನು ಕೇಳುತ್ತಿಲ್ಲ.

'ನಾಳೆ ಕೆಲಸಕ್ಕೆ ಹೋದಲ್ಲಿ ವಿಂಡೋಸ್ ತಾನೇ ಇರುವುದು?' ಎಂಬ ಮಾತಿಗೂ ಉತ್ತರಿಸಬೇಕು. ಇರಬಹುದು. ಅದು ಅವರಿಗೆ ಈಗಾಗಲೇ ಬರುತ್ತದೆ. ಎರಡು ವಾರದಲ್ಲಿ ಮರೆತುಹೋಗುವಷ್ಟು ಸಡಿಲ ಕಲಿಕೆಯಾಗಿದ್ದರೆ ನಾವು ಚಿಂತಿಸಬೇಕಾದದ್ದು ಬೇರೆ.

ಹಾಗೆ ನೋಡಿದರೆ ನಾನು ಕೇಳುತ್ತಿರುವುದು ಎರಡೇ. ಒಂದು, ನಮ್ಮ ಪಾಠ ಅವಲೋಕನ ನಮೂನೆಯಲ್ಲಿ 'ಪಿಪಿಟಿ ಬಳಸಿದ್ದಾರೆಯೇ: ಹೌದು / ಇಲ್ಲ' ಎಂದು ಅಚ್ಚಾಗಿರುವ ಸಾಲನ್ನು ತೆಗೆಯಬೇಕು. ಆ ಚಕ್ರೀಯ ಚತುರ್ಭುಜದ ಪಾಠಕ್ಕೆ ಆ ಸಾಲಿನಲ್ಲಿ 'ಇಲ್ಲ' ಎಂದೇ ಗುರುತು ಹಾಕಬೇಕಾಯಿತು. ಅದೇ ವಾರ ಪಠ್ಯಪುಸ್ತಕದ ಪುಟವನ್ನೇ ಸ್ಲೈಡಿಗೆ ಇಳಿಸಿ ಓದಿ ಹೇಳಿದ ಇನ್ನೊಂದು ಪಾಠಕ್ಕೆ 'ಹೌದು'. ಆ ಜಾಗದಲ್ಲಿ, 'ಸಾಧನವನ್ನು ಮಕ್ಕಳು ಮುಟ್ಟಿದರೇ? ಏನು ಮಾಡಿದರು?' ಎಂದು ಕೇಳಿ ಎರಡು ಸಾಲು ಬರೆಯಲು ಜಾಗ ಬಿಟ್ಟರೆ ಸಾಕು.

ಎರಡನೆಯದು ತುರ್ತಿನದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ಮುಗಿಯಿತು. ಹೊಸದಾದ 11ನ್ನು ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ನಮ್ಮ ಪ್ರಯೋಗಾಲಯದ ಹಳೆಯ 9 ಯಂತ್ರಗಳಲ್ಲಿ ಅದು ಇಲ್ಲ. ಹಾಗಾಗಿ ಅವು ವಿಲೇವಾರಿ ಪಟ್ಟಿ ಸೇರಿವೆ. ಅವುಗಳಲ್ಲಿ ತಲಾ 4 ಜಿಬಿ ಮೆಮೊರಿ ಇದೆ. ಉಬುಂಟು ಭಾರವೆನಿಸಿದರೆ ಅದೇ ಬುಡದ ಲಿನಕ್ಸ್ ಮಿಂಟ್ ಆರಾಮವಾಗಿ ಓಡುತ್ತದೆ, ಒಂದರಲ್ಲಿ ಓಡಿಸಿ ನೋಡಿದ್ದೇನೆ. ಪಟ್ಟಿಗೆ ಸಹಿ ಬೀಳುವ ಮುನ್ನ 5 ಯಂತ್ರಗಳನ್ನು ಗಣಿತ ವಿಧಾನದ ಕೊಠಡಿಗೆ ಬಿಟ್ಟುಕೊಡುವಂತೆ ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ. ಅಲ್ಲಿಯವರೆಗೆ ಕಾಯಲಾರದವರು ತಮ್ಮ ಲ್ಯಾಪ್‌ಟಾಪ್ ತಂದರೆ ಸಾಕು. ಸಿದ್ಧಮಾಡಿದ ಪೆನ್‌ಡ್ರೈವ್ ನನ್ನ ಮೇಜಿನ ಖಾನೆಯಲ್ಲಿ 3 ಇವೆ, ಶನಿವಾರ ಮಧ್ಯಾಹ್ನ ಕೊಠಡಿ ತೆರೆದಿರುತ್ತದೆ. ಮೌಸನ್ನು ಮಾತ್ರ ನಾನು ಮುಟ್ಟುವುದಿಲ್ಲ.